ಅಣಬೆಯ ಬೆಳಕೂ ಕ್ಯಾಮರಾದ ಕಣ್ಣೂ

ಮಳೆಗಾಲ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಸಹ್ಯಾದ್ರಿಯ ಕಾಡುಗಳಿಂದ ಒಂದು ಬಗೆಯ ಛಾಯಾಚಿತ್ರ ಹೊರಟು ನಮ್ಮ ಬಯಲುಸೀಮೆಗೂ ಬಂದು ಮುಟ್ಟುತ್ತದೆ. ಕಪ್ಪು ಹಿನ್ನೆಲೆ, ಕೊಳೆತ ಮರದ ತುಂಡು, ಅದರ ಮೈಮೇಲೆ ಎಳೆಹಸುರು ದೀಪಗಳಂತೆ ಹೊಳೆಯುವ ಅಣಬೆಗಳು. ಇಂಡಿಯ ಲಿಂಬೆ ತೋಟದವರು, ಸಿಂದಗಿಯ ತೊಗರಿ ಬೆಳೆಯುವವರು, ಮುದ್ದೇಬಿಹಾಳದ ಅಂಗಡಿಕಾರರು, ಬಸವನ ಬಾಗೇವಾಡಿಯ ಶಾಲಾ ಮಾಸ್ತರರು ಎಲ್ಲರ ಕೈಯ ಫೋನಿನಲ್ಲಿಯೂ ಅದು ಒಂದಿಲ್ಲೊಂದು ದಿನ ಬೆಳಗುತ್ತದೆ. ನೋಡಿದವರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: “ಖರೇನ ಏನ್ರಿ ಇದು?”

ಈ ಪ್ರಶ್ನೆಯನ್ನು ಹಗುರಾಗಿ ಕಾಣಕೂಡದು. ಹುಲಿಯ ಚಿತ್ರ ಕಂಡು ಯಾರೂ ಹೀಗೆ ಕೇಳುವುದಿಲ್ಲ. ಕೊಕ್ಕರೆಯ ಚಿತ್ರ ಕಂಡೂ ಕೇಳುವುದಿಲ್ಲ. ಹುಲಿಯನ್ನು ಕಾಣದವರೂ ಹುಲಿ ಹಾಗಿರುತ್ತದೆಂದು ಒಪ್ಪುತ್ತಾರೆ. ಈ ಅಣಬೆಯ ಮುಂದೆ ಮಾತ್ರ ನಂಬಿಕೆ ಹಿಂಜರಿಯುತ್ತದೆ. ಚಿತ್ರ ಚೆಲುವಾಗಿದೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅದು ನಿಜವೇ ಎಂಬುದರಲ್ಲಿ ಎಲ್ಲರಿಗೂ ಸಂದೇಹ. ಕಲೆಯ ವಿಚಾರದಲ್ಲಿ ಇಂಥ ಸಂದೇಹ ಹುಟ್ಟಿದರೆ ವಿಮರ್ಶಕನಿಗೆ ಕೆಲಸವಿದೆ ಎಂದೇ ಅರ್ಥ. ಈ ಚಿತ್ರಗಳನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ಅವುಗಳನ್ನು ಒಂದು ಕಲಾಪ್ರಕಾರವೆಂದು ತಿಳಿದು, ಅದರ ಗುಣದೋಷಗಳನ್ನು ತೂಗಿ ನೋಡುವ ಪ್ರಯತ್ನ ನನ್ನದು.

ಮೊದಲು ವಸ್ತುವಿನ ಮಾತು. ಹೊಳೆಯುವ ಅಣಬೆ ಖರೆ. ಅದಕ್ಕೆ ಬೆಂಕಿಯ ಸಂಬಂಧವಿಲ್ಲ, ಹಗಲ ಬೆಳಕನ್ನು ಕೂಡಿಟ್ಟುಕೊಂಡು ಇರುಳಲ್ಲಿ ಬಿಡುವುದೂ ಅಲ್ಲ. ಅಣಬೆಯ ಜೀವಕೋಶಗಳಲ್ಲಿ ಹುಟ್ಟುವ ಒಂದು ಪದಾರ್ಥ, ಗಾಳಿಯ ಆಮ್ಲಜನಕದೊಡನೆ ಕೂಡಿ, ಶಾಖವಿಲ್ಲದ ಬೆಳಕನ್ನು ಕೊಡುತ್ತದೆ. ಗಾಳಿಯ ಪಾತ್ರವನ್ನು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1668ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದ. ಹೊಳೆಯುವ ಕೊಳೆತ ಕಟ್ಟಿಗೆಯ ಚೂರನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರಗೆಳೆದಾಗ ಬೆಳಕು ನಂದಿತು. ಗಾಳಿಯನ್ನು ಬಿಟ್ಟಾಗ ಮರಳಿತು. ಆ ಹೊಳಪು ಕಟ್ಟಿಗೆಯೊಳಗೆ ಹಬ್ಬಿದ ಅಣಬೆಯ ಎಳೆಗಳದೆಂಬುದು ಆತನ ಕಾಲಕ್ಕೆ ತಿಳಿದಿರಲಿಲ್ಲ. ಬೆಳಕು ಕೊಡುವ ಪದಾರ್ಥ 3-ಹೈಡ್ರಾಕ್ಸಿಹಿಸ್ಪಿಡಿನ್ ಎಂದು ಗುರುತಾದದ್ದಂತೂ ತೀರ ಈಚೆಗೆ, 2015ರಲ್ಲಿ. ಅದನ್ನು ತಯಾರಿಸುವ ವಂಶವಾಹಿಗಳನ್ನು ಸಸ್ಯಗಳಿಗೆ ಸೇರಿಸಿ 2020ರಲ್ಲಿ ಹೊಳೆಯುವ ತಂಬಾಕಿನ ಗಿಡವನ್ನು ಬೆಳೆಸಿದರು. 2024ರಲ್ಲಿ ಅಮೆರಿಕದ ಪೇಟೆಗೆ ಹೊಳೆಯುವ ಪೆಟೂನಿಯಾ ಕುಂಡದಲ್ಲಿ ಬಂದು ಕುಳಿತಿತು.

ಲೋಕದಲ್ಲಿ ಹೆಸರು ಪಡೆದ ಅಣಬೆಯ ಜಾತಿಗಳು ಲಕ್ಷವನ್ನು ಮೀರಿವೆ. ಅವುಗಳಲ್ಲಿ ಹೊಳೆಯುವವು 100ಕ್ಕೆ ಸ್ವಲ್ಪ ಮಿಕ್ಕು. ಮೇಘಾಲಯದ ಬಿದಿರಿನ ಮೇಲೆ ಬೆಳೆಯುವ ಹೊಸ ಜಾತಿಯೊಂದನ್ನು 2020ರಲ್ಲಿ ವಿವರಿಸಿದರು. ಅದರ ಕೊಡೆ ಬೆಳಗುವುದಿಲ್ಲ, ಕಾವು ಮಾತ್ರ ಬೆಳಗುತ್ತದೆ. ನಮಗೆ ಹತ್ತಿರದ್ದು ಕಾಸರಗೋಡು ಜಿಲ್ಲೆಯ ರಾಣಿಪುರಂ. ಕೊಡಗಿನ ಕಾಡಿಗೆ ಹೊಂದಿಕೊಂಡ ಆ ಬೆಟ್ಟದಲ್ಲಿ 2024ರಲ್ಲಿ, ಕೇರಳದ ಅರಣ್ಯ ಇಲಾಖೆಯವರೂ ಅಣಬೆಯ ಆಸಕ್ತರೂ ಕೂಡಿ ನಡೆಸಿದ ಸಮೀಕ್ಷೆಯಲ್ಲಿ ಫಿಲೊಬೊಲೆಟಸ್ ಮ್ಯಾನಿಪ್ಯುಲಾರಿಸ್ ಎಂಬ ಹೊಳೆಯುವ ಅಣಬೆ ದಾಖಲಾಯಿತು. ಸತ್ತ ಮರದ ಮೇಲೆ ಗೊಂಚಲು ಗೊಂಚಲಾಗಿ ಏಳುವ ಜಾತಿ ಅದು. ಕೊಡೆಯ ಅಡಿಯಲ್ಲಿ ಬೇರೆ ಅಣಬೆಗಳಿಗಿರುವಂತೆ ಪದರು ಪದರಾದ ಹಾಳೆಗಳಿಲ್ಲ, ಜೇನುಹುಟ್ಟಿನಂಥ ತೂತುಗಳಿವೆ. ಹಗಲಲ್ಲಿ ನೋಡಿದರೆ ಮಾಸಲು ಬಿಳಿಯ ಸಾಧಾರಣ ನಾಯಿಕೊಡೆ. ಯಾರೂ ಎರಡನೆಯ ಸಲ ತಿರುಗಿ ನೋಡುವಂಥದಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿದರೆ ನಮ್ಮಲ್ಲಿ 600 ಬಂದರೆ ಸುಗ್ಗಿ. ಬಿದ್ದ ಮರ ಮಳೆಯಲ್ಲಿ ನೆನೆದು ವರ್ಷಗಟ್ಟಲೆ ಕೊಳೆಯುವ ಭಾಗ್ಯ ನಮ್ಮ ನೆಲಕ್ಕಿಲ್ಲ; ಮರ ಬಿತ್ತೆಂದರೆ ಅದು ಸಂಜೆಯೊಳಗೆ ಒಲೆ ಸೇರುತ್ತದೆ. ಆದಕಾರಣ ಈ ಬೆಳಕು ನಮ್ಮ ಪಾಲಿಗೆ ಚಿತ್ರದ ಮೂಲಕವೇ ಬರತಕ್ಕದ್ದು. ಮೂಲವನ್ನು ಓದಲಾರದವನು ಅನುವಾದವನ್ನೇ ನೆಚ್ಚಿರುತ್ತಾನೆ. ಅನುವಾದಕನ ಪ್ರಾಮಾಣಿಕತೆಯ ಚಿಂತೆ ಮೂಲ ಬಲ್ಲವನಿಗಿಂತ ಅಂಥವನಿಗೇ ಹೆಚ್ಚು.

ಇನ್ನು ಚಿತ್ರ ಹುಟ್ಟುವ ಬಗೆ. ಈ ಬೆಳಕು ಬಹು ಮಂದವಾದದ್ದು. ಛಾಯಾಗ್ರಾಹಕ ಅಮಾವಾಸ್ಯೆಯ ಆಸುಪಾಸಿನ ಇರುಳನ್ನು ಆರಿಸಿಕೊಳ್ಳುತ್ತಾನೆ. ಕ್ಯಾಮರಾವನ್ನು ಮೂರು ಕಾಲಿನ ನಿಲುವಿಗೆ ಬಿಗಿದು, ಮಸೂರದ ಬಾಯನ್ನು ಪೂರ್ತಿ ತೆರೆದು, ಬೆರಳಿನ ಅದಿರಾಟವೂ ತಟ್ಟದಂತೆ ದೂರದಿಂದಲೇ ಗುಂಡಿ ಒತ್ತುತ್ತಾನೆ. ಬಳಿಕ ಕಾಯುವುದು. ಕೆಲವು ಚಿತ್ರಗಳಿಗೆ 30 ಸೆಕೆಂಡು ಸಾಕು, ಕೆಲವಕ್ಕೆ ಹಲವು ನಿಮಿಷಗಳೇ ಬೇಕು. ಅಷ್ಟು ಹೊತ್ತು ಜಿಗಣೆ ಕಾಲಿಗೇರಿದರೂ ಮಳೆಹನಿ ಮಸೂರದ ಮೇಲೆ ಬಿದ್ದರೂ ಆತ ಅಲುಗಾಡುವಂತಿಲ್ಲ. ಫಿಲ್ಮಿನ ಕಾಲದಲ್ಲಿ ಈ ಕೆಲಸ ಇನ್ನೂ ಕಠಿಣವಾಗಿತ್ತು. ಮಂದ ಬೆಳಕಿಗೆ ದೀರ್ಘಕಾಲ ಒಡ್ಡಿದ ಫಿಲ್ಮು ಬರಬರುತ್ತ ತನ್ನ ಗ್ರಹಣಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಣ್ಣು ಬೆಳಕನ್ನು ಕೂಡಿಡಲಾರದು. ಒಂದು ಕ್ಷಣದ ನೋಟ ಮುಗಿದೊಡನೆ ಅದರ ಲೆಕ್ಕವೂ ಮುಗಿಯಿತು. ಕ್ಯಾಮರಾ ಹಾಗಲ್ಲ, ಅದು ಜಿಪುಣ ಸಾಹುಕಾರನಂತೆ ಕಾಸಿಗೆ ಕಾಸು ಸೇರಿಸುತ್ತ ಹೋಗುತ್ತದೆ. ನಾವು ಫೋನಿನಲ್ಲಿ ಕಾಣುವ ಹಸುರು ಉಜ್ವಲತೆ ಯಾವ ಒಂದು ಕ್ಷಣದಲ್ಲಿಯೂ ಕಾಡಿನಲ್ಲಿ ಇರಲಿಲ್ಲ. ಹಲವು ನಿಮಿಷಗಳಲ್ಲಿ ಹನಿಹನಿಯಾಗಿ ಬಿದ್ದದ್ದನ್ನು ಒಂದೇ ಬೊಗಸೆಯಲ್ಲಿ ತುಂಬಿ ನಮಗೆ ಕೊಟ್ಟಿದ್ದಾರೆ. ಒಂದು ಹನಿಯೂ ಹೊರಗಿನದಲ್ಲ. ಆದರೂ ಆ ಬೊಗಸೆಯನ್ನು ಕಾಡು ಒಮ್ಮೆಲೇ ಯಾರಿಗೂ ಕೊಟ್ಟದ್ದಿಲ್ಲ.

ಹಾಗಾದರೆ ಈ ಚಿತ್ರ ಸ್ವಭಾವೋಕ್ತಿಯೋ ಅತಿಶಯೋಕ್ತಿಯೋ? ವಸ್ತುವನ್ನು ಇದ್ದಂತೆ ಹೇಳುವುದನ್ನೇ ದಂಡಿ ಮೊದಲ ಅಲಂಕಾರವೆಂದು ಎಣಿಸಿದ. ಕುಂತಕ ಅದನ್ನು ಒಪ್ಪಲಿಲ್ಲ. ಇದ್ದದ್ದು ಇದ್ದಂತೆ ಇರುವುದು ಅಲಂಕರಿಸಬೇಕಾದ ಶರೀರವೇ ಹೊರತು ಅದೇ ಅಲಂಕಾರವಾಗದು ಎಂಬುದು ಅವನ ನಿಲುವು. ನಮ್ಮ ಕವಿರಾಜಮಾರ್ಗ ದಂಡಿಯ ಕಡೆಗೆ ವಾಲಿತು. ಸಾವಿರ ವರ್ಷದ ಹಿಂದಿನ ಆ ವಾದ ಇಂದಿನ ಕ್ಯಾಮರಾದ ಮುಂದೆ ಮತ್ತೆ ಎದ್ದು ನಿಲ್ಲುತ್ತದೆ. ಛಾಯಾಚಿತ್ರವನ್ನು ನಾವು ಸ್ವಭಾವೋಕ್ತಿಯೆಂದೇ ಓದುತ್ತೇವೆ: ಯಂತ್ರ ಕಂಡದ್ದನ್ನು ಹೇಳಿತು ಎಂಬ ವಿಶ್ವಾಸ. ಕವಿಯೊಬ್ಬ ಅಣಬೆಯನ್ನು ನಕ್ಷತ್ರವೆಂದು ಕರೆದರೆ ಅದು ಅವನ ಮಾತೆಂದು ತಿಳಿದು ಸವಿಯುತ್ತೇವೆ. ಕ್ಯಾಮರಾ ಅದನ್ನೇ ಹೇಳಿದರೆ ಪುರಾವೆಯೆಂದು ಸ್ವೀಕರಿಸುತ್ತೇವೆ. ಅತಿಶಯೋಕ್ತಿ ಸ್ವಭಾವೋಕ್ತಿಯ ವೇಷ ಹಾಕಿಕೊಂಡು ಬಂದಿರುವುದರಿಂದಲೇ ಓದುಗನಿಗೆ ಆ ಇಕ್ಕಟ್ಟು ಹುಟ್ಟುತ್ತದೆ. “ಖರೇನ ಏನ್ರಿ” ಎಂಬ ಪ್ರಶ್ನೆಯ ಬೇರು ಇಲ್ಲಿದೆ.

ಚಿತ್ರ ಕಂಡು ಮೈಮರೆತೆವು, ಅಷ್ಟು ಸಾಲದೇ ಎನ್ನುವವರಿಗೆ ಒಂದು ಮಾತು. ವಿಸ್ಮಯ ಅದ್ಭುತರಸದ ಸ್ಥಾಯಿ. ಅದು ಹುಟ್ಟಿತೆಂಬುದೇನೋ ನಿಜ. ಆದರೆ ಅದ್ಭುತಕ್ಕೆ ಕಾರಣಗಳನ್ನು ಎಣಿಸುವಾಗ ಭರತ ದೇವತೆಗಳ ದರ್ಶನದೊಡನೆ ಇಂದ್ರಜಾಲವನ್ನೂ ಸೇರಿಸಿದ್ದಾನೆ. ಗಾರುಡಿಗನೂ ನಮ್ಮನ್ನು ಬೆರಗುಗೊಳಿಸಬಲ್ಲ. ಆದ್ದರಿಂದ ಬೆರಗು ಹುಟ್ಟಿತು ಎಂಬುದು ಚಿತ್ರದ ಸತ್ಯಕ್ಕೆ ಸಾಕ್ಷಿಯಾಗದು. ಆ ಬೆರಗು ನಮ್ಮನ್ನು ವಸ್ತುವಿನ ಕಡೆಗೆ ಒಯ್ದಿತೋ, ಚಿತ್ರದಲ್ಲಿಯೇ ಕಟ್ಟಿಹಾಕಿತೋ ಎಂಬುದನ್ನು ಕೇಳಬೇಕು.

ಈ ಪ್ರಶ್ನೆ ನನಗೆ ಸ್ಪಷ್ಟವಾದದ್ದು ಮಲೆನಾಡಿನಲ್ಲಿ. ಸಿಂದಗಿಯ ಕಡೆಯ ಗೆಳೆಯರೊಬ್ಬರೊಡನೆ ಒಂದು ಮಳೆಗಾಲದಲ್ಲಿ ಅಲ್ಲಿಯ ಆಪ್ತರ ಮನೆಗೆ ಹೋಗಿದ್ದೆ. ತೋಟದ ಬೇಲಿಯಾಚೆಯ ಕಾಡಿನಲ್ಲಿ ಬಿದ್ದ ಮರವೊಂದು ಇರುಳಲ್ಲಿ ಹೊಳೆಯುತ್ತದೆಂದು ಮನೆಯ ಯಜಮಾನರು ನಮ್ಮನ್ನು ಕರೆದೊಯ್ದರು. ಟಾರ್ಚು ಆರಿಸಿದರು. ಏನೂ ಕಾಣಲಿಲ್ಲ. ಐದು ನಿಮಿಷವಾದ ಮೇಲೆ ನೆಲದ ಬಳಿ ಬೂದಿ ಬಳಿದಂಥ ಒಂದು ಮಬ್ಬು ಕಂಡಿತು. ನನ್ನ ಗೆಳೆಯರು ತಡೆಯಲಾರದೆ ಅಂದರು: “ಇಷ್ಟ ಏನ್ರಿ? ಫೋಟೊದಾಗ ಹಿಂಗಿರಲಿಲ್ಲಲ್ರಿ!”

ಯಜಮಾನರಿಗೆ ನಗು ಬಂತು. “ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ನೇರ ದಿಟ್ಟಿಸಬೇಡಿ, ಪಕ್ಕಕ್ಕೆ ನೋಡಿ. ಆಗ ಕಾಣ್ತದೆ” ಎಂದರು.

ಕುಳಿತೆವು. ಅರ್ಧ ಗಂಟೆಯಾಗಿರಬಹುದು. ಮಬ್ಬು ನಿಧಾನವಾಗಿ ಆಕಾರ ಪಡೆಯಿತು. ಮರದ ತೊಗಟೆಯ ಬಿರುಕುಗಳೂ ಅಂಚೂ ತಿಳಿಯಾದವು. ದಿಟ್ಟಿಸಿದರೆ ಅಡಗುತ್ತದೆ, ಬೇರೆಡೆ ನೋಡಿದರೆ ಕಣ್ಣಂಚಿಗೆ ಬಂದು ನಿಲ್ಲುತ್ತದೆ. ಬಹಳ ಹೊತ್ತಿನ ಮೇಲೆ ಗೆಳೆಯರು ಮೆಲ್ಲನೆ ಅಂದರು: “ಬೆಳದಿಂಗಳದಾಗ ಸುಣ್ಣದ ಗ್ವಾಡಿ ಕಂಡಂಗ ಕಾಣಸ್ತದ ನೋಡ್ರಿ.”

ಹೊಳೆಯುವ ಅಣಬೆಯ ಬಗ್ಗೆ ನಾನು ಓದಿದ ವರ್ಣನೆಗಳಲ್ಲಿ ಇದಕ್ಕಿಂತ ನಿಖರವಾದುದು ಬೇರೊಂದಿಲ್ಲ. ಕಣ್ಣಿನ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಕತ್ತಲೆಗೆ ಒಗ್ಗಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಆಗ ಕೆಲಸ ಮಾಡುವ ಕೋಶಗಳಿಗೆ ಬಣ್ಣದ ಅರಿವಿಲ್ಲ. ಆದ್ದರಿಂದ ಹಸುರು ಬೆಳಕೂ ಮಾಸಲು ಬಿಳಿಯಾಗಿ ಕಾಣುತ್ತದೆ. ಕಣ್ಣಿನ ನಟ್ಟನಡುವೆ ಆ ಕೋಶಗಳು ಇಲ್ಲ, ಸುತ್ತಲಿನ ಭಾಗದಲ್ಲಿವೆ. ನೇರ ನೋಟಕ್ಕೆ ಸಿಗದ್ದು ಓರೆನೋಟಕ್ಕೆ ಸಿಗುವುದು ಅದಕ್ಕಾಗಿಯೇ. ವಕ್ರತೆಯಿಲ್ಲದೆ ಕಾವ್ಯವಿಲ್ಲವೆಂದ ಕುಂತಕ ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದನೇನೋ. ಕ್ಯಾಮರಾ ಆ ಬೆಳಕನ್ನು ನೇರ ನೋಟಕ್ಕೆ ತಂದು ನಿಲ್ಲಿಸಿತು. ಬಣ್ಣ ಕೊಟ್ಟಿತು, ಅಂಚು ಕೊಟ್ಟಿತು. ಕಾಯುವಿಕೆಯನ್ನು ಮಾತ್ರ ಕಿತ್ತುಕೊಂಡಿತು.

ಹಾಗೆಂದು ಕ್ಯಾಮರಾವನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಕೊಟ್ಟ ಹಸುರು ಕೃತಕವಲ್ಲ. ಬೆಳಕಿನ ನಿಜವಾದ ಬಣ್ಣವೇ ಅದು, ನಮ್ಮ ಕಣ್ಣಿಗೆ ಎಟುಕದ್ದು. ದೂರದರ್ಶಕ ತೋರಿಸುವ ಶನಿಯ ಬಳೆಯನ್ನು ಸುಳ್ಳೆನ್ನುವವರು ಯಾರು? ನಿಜದ ಎರಡು ಮುಖಗಳಲ್ಲಿ ಒಂದನ್ನು ಕಣ್ಣೂ ಇನ್ನೊಂದನ್ನು ಯಂತ್ರವೂ ಕಾಣುತ್ತವೆ. ದೋಷ ಹುಟ್ಟುವುದು, ಯಂತ್ರದ ನಿಜವನ್ನು ಕಣ್ಣಿನ ನಿಜವೆಂದು ದಾಟಿಸಿದಾಗ.

ಈ ದೃಷ್ಟಿಯಿಂದ ನೋಡಿದರೆ ಒಳ್ಳೆಯ ಚಿತ್ರ ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ಹೇಳಬಹುದು. ಕೆಟ್ಟ ಚಿತ್ರದಲ್ಲಿ ಅಣಬೆಯ ಹೊರತು ಮತ್ತೇನೂ ಇರುವುದಿಲ್ಲ. ಸುತ್ತಲಿನದೆಲ್ಲ ಮಸಿ, ನಡುವೆ ಒಂದು ಹಸುರು ಒಡವೆ. ಅದು ಬೆರಳುಗಾತ್ರದ್ದೋ ಕೊಡೆಗಾತ್ರದ್ದೋ ತಿಳಿಯದು. ಯಾವ ಮರ, ಯಾವ ನೆಲ ಎಂಬ ಗೊತ್ತಿಲ್ಲ. ಹಸುರನ್ನು ಮನೆಗೆ ಬಂದ ಮೇಲೆ ಇನ್ನಷ್ಟು ತಿದ್ದಿ, ಪೇಟೆಯ ನಿಯಾನ್ ದೀಪಕ್ಕೆ ಸಮ ಮಾಡಿರುತ್ತಾರೆ. ಅಣಬೆಯ ಕೆಳಗೆ ಪುಟ್ಟ ಟಾರ್ಚು ಅಡಗಿಸಿಟ್ಟು ಹೊಳೆಯದ ಜಾತಿಯನ್ನು ಹೊಳೆಯಿಸುವುದು ಇನ್ನೂ ಕೀಳು. ಅದು ಗಾರುಡಿಗನ ಕೆಲಸ. ಒಳ್ಳೆಯ ಚಿತ್ರದಲ್ಲಿ ಮರದ ತೊಗಟೆ ಇದೆ, ಉದುರಿದ ಎಲೆ ಇದೆ, ಒಂದು ಇರುವೆಯಾದರೂ ಇದೆ. ಬೆಳಕು ಎಲ್ಲಿಂದ ಹುಟ್ಟಿ ಎಲ್ಲಿ ಕ್ಷೀಣಿಸಿತೆಂಬುದು ಕಾಣುತ್ತದೆ. ಕತ್ತಲೆ ಅಲ್ಲಿ ಬರಿಯ ಹಿನ್ನೆಲೆಯಲ್ಲ, ಅದಕ್ಕೂ ಒಂದು ಆಳವಿದೆ.

ನಮ್ಮಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲದೆ ಇಲ್ಲ. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ ಪುಸ್ತಕಕ್ಕೆ ಆ ಹೆಸರು ಸಲ್ಲುತ್ತದೆ. ಬಣ್ಣವಿಲ್ಲದ ಚಿತ್ರ ತಾನು ಚಿತ್ರವೆಂದು ಮೊದಲೇ ಹೇಳಿಕೊಂಡುಬಿಡುತ್ತದೆ. ಅದನ್ನು ಲೋಕವೆಂದು ಯಾರೂ ಭ್ರಮಿಸರು. ಹೊಳೆಯುವ ಅಣಬೆಯ ವಿಷಯದಲ್ಲಂತೂ ಇನ್ನೊಂದು ಸ್ವಾರಸ್ಯವಿದೆ: ಕತ್ತಲೆಯ ಕಣ್ಣಿಗೆ ಬಣ್ಣವಿಲ್ಲದ ಕಾರಣ, ಕಾಡಿನಲ್ಲಿ ಕುಳಿತವನು ಕಂಡದ್ದಕ್ಕೆ ಕಪ್ಪು-ಬಿಳುಪಿನ ಚಿತ್ರವೇ ಹೆಚ್ಚು ಸಮೀಪ. ಒಂದೇ ಅಣಬೆಯ ಎರಡು ಚಿತ್ರಗಳನ್ನು, ಹಸುರಿನದೊಂದು ಬೂದುಬಣ್ಣದ್ದೊಂದು, ಅಕ್ಕಪಕ್ಕ ಅಚ್ಚು ಹಾಕಿದರೆ ಯಂತ್ರ ಕಂಡದ್ದೂ ಮನುಷ್ಯ ಕಂಡದ್ದೂ ಓದುಗನಿಗೆ ಒಟ್ಟಿಗೆ ದೊರೆತೀತು.

ಇದು ಬರಿಯ ಸೌಂದರ್ಯದ ಪ್ರಶ್ನೆಯೂ ಅಲ್ಲ. ಹಸುರು ಒಡವೆಯ ಆಸೆಯಿಂದ ಕಾಡಿಗೆ ಬಂದವನು ಬೂದುಮಬ್ಬನ್ನು ಕಂಡು ಮೋಸಹೋದೆನೆಂದು ತಿಳಿಯುತ್ತಾನೆ. ತಿಳಿದು, ಇನ್ನೂ ಹೆಚ್ಚು ಹೊಳೆಯುವುದನ್ನು ಹುಡುಕುತ್ತ ಕೊಳೆತ ಮರಗಳನ್ನು ಮಗುಚುತ್ತಾನೆ, ಅಣಬೆಯನ್ನು ಕಿತ್ತು ಚೆಂದದ ಕೊರಡಿನ ಮೇಲೆ ಜೋಡಿಸುತ್ತಾನೆ. ಆ ಕೊರಡು ಅಣಬೆಯ ಮನೆ. ಕಣ್ಣಿಗೆ ಕಾಣುವ ಕೊಡೆ ಕೆಲವು ದಿನದ ಹೂವಷ್ಟೆ. ಅದರ ದೇಹ ಮರದೊಳಗೆ ನೂಲಿನಂತೆ ಹಬ್ಬಿ, ಸತ್ತ ಮರವನ್ನು ಮಣ್ಣಾಗಿಸುತ್ತಿರುತ್ತದೆ. ಈ ಬೆಳಕು ಯಾರಿಗಾಗಿ ಎಂಬ ಪ್ರಶ್ನೆಯೂ ಇನ್ನೂ ಇತ್ಯರ್ಥವಾಗಿಲ್ಲ. 1840ರ ಸುಮಾರಿನಲ್ಲಿ ಬ್ರೆಜಿಲಿನ ಒಂದು ಊರಿನ ಬೀದಿಯಲ್ಲಿ ಹುಡುಗರು ಹೊಳೆಯುವ ಅಣಬೆಯನ್ನು ಹಿಡಿದು ಆಡುವುದನ್ನು ಜಾರ್ಜ್ ಗಾರ್ಡ್ನರ್ ಎಂಬ ಸಸ್ಯಶಾಸ್ತ್ರಜ್ಞ ಕಂಡ. ಅದೇ ಜಾತಿಯನ್ನು ಇಟ್ಟುಕೊಂಡು ನಡೆಸಿದ ಶೋಧನೆಯೊಂದು 2015ರಲ್ಲಿ ಪ್ರಕಟವಾಯಿತು: ಅದರ ಬೆಳಕು ಇರುಳಲ್ಲಿ ಏರಿ ಹಗಲಲ್ಲಿ ಇಳಿಯುತ್ತದೆ, ಹಸುರು ದೀಪವಿಟ್ಟ ಕೃತಕ ಅಣಬೆಗಳಿಗೆ ಜೀರುಂಡೆ, ನೊಣ, ಇರುವೆಗಳು ಹೆಚ್ಚಾಗಿ ಬರುತ್ತವೆ. ಬೀಜಕಣಗಳನ್ನು ಹಂಚಲು ಹುಳುಗಳನ್ನು ಕರೆಯುವ ಬೆಳಕಿರಬಹುದೆಂದು ಅವರ ಊಹೆ. ಆಸ್ಟ್ರೇಲಿಯದ ಬೇರೊಂದು ಜಾತಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅಂಥ ಆಕರ್ಷಣೆ ಕಂಡುಬರಲಿಲ್ಲ. ಹುಳುವಿಗೆ ಬರೆದಿರಬಹುದಾದ ಓಲೆಯನ್ನು ನಾವು ನಡುದಾರಿಯಲ್ಲಿ ಬಿಡಿಸಿ ಓದುತ್ತಿದ್ದೇವೆ. ಓದಲಿ, ಹರಿಯದಿದ್ದರೆ ಸಾಕು.

ಇಷ್ಟು ದೂರದ ವಿಚಾರ ನಮ್ಮ ಭಾಗದ ಓದುಗನಿಗೇಕೆ ಎನ್ನಬಹುದು. ಇಂಥದೇ ಒಂದು ಕೆಲಸವನ್ನು ನಮ್ಮವರು ಬೇರೆ ಕ್ಷೇತ್ರದಲ್ಲಿ ಮಾಡಿ ತೋರಿಸಿದ್ದಾರೆ ಎಂಬುದೇ ನನ್ನ ಉತ್ತರ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಒಡನಾಡಿಗಳೂ, ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವು ಹುಟ್ಟಿದ್ದು ಬೆಳಗಾಗುವ ಮೊದಲಿನ ಕತ್ತಲೆಯಲ್ಲಿ, ಬೀಸುಕಲ್ಲಿನ ಮುಂದೆ. ಒಂದು ಸಲಕ್ಕೆ ಮೂರು ಸಾಲು. ಆಮೇಲೆ ಕಲ್ಲಿನ ಸದ್ದು. ಮತ್ತೆ ಮೂರು ಸಾಲು. ಹಲವು ಊರು, ಹಲವು ಮುಂಜಾವುಗಳಲ್ಲಿ ಚೆದರಿ ಬಿದ್ದದ್ದನ್ನು ಅವರು ಒಂದು ಹೊತ್ತಿಗೆಯಲ್ಲಿ ತುಂಬಿದರು. ಅದೂ ಒಂದು ದೀರ್ಘ ಕಾಲದ ಛಾಯಾಗ್ರಹಣವೇ. ಅಚ್ಚಿನ ಪುಟದಲ್ಲಿ ಆ ಹಾಡುಗಳು ಒಟ್ಟಿಗೆ ಬೆಳಗುವಷ್ಟು ಯಾವ ಒಂದು ಮನೆಯಲ್ಲಿಯೂ ಒಂದೇ ಮುಂಜಾವಿನಲ್ಲಿ ಬೆಳಗಿದ್ದಿಲ್ಲ. ಕಲ್ಲಿನ ಸದ್ದೂ ಹಿಟ್ಟಿನ ವಾಸನೆಯೂ ಪುಟಕ್ಕೆ ಬರಲಿಲ್ಲ. ಆದರೂ ಆ ಪುಸ್ತಕವನ್ನು ಯಾರೂ ಮೋಸವೆನ್ನಲಿಲ್ಲ. ಕಾರಣ, ಅದು ಗರತಿಯ ಹಾಡೆಂದು ತನ್ನ ಹೆಸರಿನಲ್ಲಿಯೇ ಸಾರಿತು. ಹಾಡಿದವಳನ್ನು ಮರೆಯಿಸಿ ಸಂಗ್ರಾಹಕನನ್ನು ಮೆರೆಯಿಸಲಿಲ್ಲ. ಓದಿದವನು ತನ್ನ ಅವ್ವನ ದನಿಯನ್ನು ಹುಡುಕಿಕೊಂಡು ಮನೆಗೆ ಹೋಗುವಂತೆ ಮಾಡಿತು. ಇಂದು ಬೀಸುಕಲ್ಲು ಸುಮ್ಮನಾಗಿದೆ, ಪುಸ್ತಕ ಉಳಿದಿದೆ. ಸಂಗ್ರಹದ ಹೊಣೆ ಎಷ್ಟು ದೊಡ್ಡದೆಂಬುದು ಮೂಲ ಮರೆಯಾದ ಮೇಲೆ ಗೊತ್ತಾಗುತ್ತದೆ.

ಅಣಬೆಯ ಛಾಯಾಗ್ರಾಹಕರಿಂದಲೂ ನಾನು ಬಯಸುವುದು ಈ ಮಟ್ಟದ ನಿಷ್ಠೆಯನ್ನು. ಚಿತ್ರದ ಕೆಳಗೆ ಒಂದು ಸಾಲು ಸಾಕು: ಯಾವ ತಿಂಗಳು, ಅಣಬೆಯ ಅಳತೆ ಎಷ್ಟು, ಎಷ್ಟು ಸೆಕೆಂಡು ಕಾದದ್ದು, ಬರಿಗಣ್ಣಿಗೆ ಹೇಗೆ ಕಂಡಿತು. ಜಾಗದ ಹೆಸರನ್ನು ಬೇಕಾದರೆ ಬಿಡಲಿ. ಬಿಟ್ಟರೆ ಕಾಡಿಗೆ ಕ್ಷೇಮ. ಆ ಒಂದು ಸಾಲಿನಿಂದ ಚಿತ್ರದ ಬೆರಗು ಕುಂದುವುದೆಂದು ಅಂಜಬೇಕಾಗಿಲ್ಲ. ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕೂಡಿಸಿದ ಬೆಳಕಿದು ಎಂದು ತಿಳಿದವನಿಗೆ, ಕಣ್ಣುಮಿಟುಕಿನಲ್ಲಿ ಸಿಕ್ಕಿತೆಂದು ತಿಳಿದವನಿಗಿಂತ ವಿಸ್ಮಯ ಹೆಚ್ಚೇ ಹೊರತು ಕಡಿಮೆಯಲ್ಲ.

ನೋಡುವ ನಮಗೂ ಒಂದು ಕರ್ತವ್ಯವಿದೆ. ಮಲೆನಾಡಿಗೆ ಹೋಗಲಾರದವನು ತನ್ನ ಹೊಲದಲ್ಲಾದರೂ ದೀಪವಾರಿಸಿ ಅರ್ಧ ಗಂಟೆ ಕೂಡಬಹುದು. ಅಲ್ಲಿ ಅಣಬೆ ಹೊಳೆಯದು. ಆದರೆ ಕಣ್ಣು ಕತ್ತಲೆಗೆ ಒಗ್ಗುತ್ತ ಹೋದಂತೆ ಬದುವಿನ ಕಲ್ಲು, ಎರೆಯ ಬಿರುಕು, ಜೋಳದ ಗರಿಯ ಅಂಚು ಒಂದೊಂದಾಗಿ ಹೊರಬರುವುದನ್ನು ಅದು ಕಲಿಯುತ್ತದೆ. ಹಾಗೆ ಕಲಿತ ಕಣ್ಣಿನ ಮುಂದೆ ಮುಂದಿನ ಮಳೆಗಾಲದ ಹಸುರು ಚಿತ್ರ ಬಂದು ನಿಂತರೆ, ಅದರಲ್ಲಿ ಅಣಬೆಯದೆಷ್ಟು, ಯಂತ್ರದ್ದೆಷ್ಟು, ತಿದ್ದಿದವನ ಕೈಯದೆಷ್ಟು ಎಂಬುದನ್ನು ಅದು ತಾನೇ ತೂಗಿ ನೋಡೀತು.